ತೂಕದ ಯಂತ್ರಕ್ಕೆ ಕಾಣದ ಸವೆತ

ನಮ್ಮಲ್ಲಿ ಹೆಚ್ಚಿನವರು ಹಿಮವನ್ನು ನೋಡಿರುವುದು ಸಿನಿಮಾದಲ್ಲಿ, ಇಲ್ಲವೇ ಮನೆಯ ಫ್ರಿಜ್‌ನ ಮೇಲಿನ ಖಾನೆಯಲ್ಲಿ. ಆದರೂ ಹಿಮದ ಮೇಲೆ ಓಡುವ ಒಂದು ವಾಹನದ ಬಗ್ಗೆ ಈ ಲೇಖನ ಬರೆಯಲು ಕಾರಣವಿದೆ. ಒತ್ತಡ, ಘರ್ಷಣೆ, ಟಾರ್ಕ್, ಗುರುತ್ವ ಕೇಂದ್ರ, ಅಳತೆಯ ದೋಷ ಎಂದು ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಬೇರೆ ಬೇರೆಯಾಗಿ ಓದುವ ವಿಷಯಗಳೆಲ್ಲ ಈ ಒಂದೇ ವಾಹನದಲ್ಲಿ ಒಟ್ಟಿಗೆ ಸಿಗುತ್ತವೆ. ಅದರ ಹೆಸರು ಸ್ನೋಮೊಬೈಲ್. ಮುಂದೆ ಚಕ್ರದ ಬದಲು ಎರಡು ಸ್ಕೀಗಳು, ಹಿಂದೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ರಸ್ತೆ ಕೆಲಸಕ್ಕೆ ಬರುವ ಹಿಟಾಚಿಯ ಅಡಿಯಲ್ಲಿ ಕಬ್ಬಿಣದ ಚೈನ್ ಸುತ್ತುತ್ತದಲ್ಲ, ಹೆಚ್ಚುಕಡಿಮೆ ಅದೇ ರೀತಿ. ಈ ಪಟ್ಟಿಗೆ ಟ್ರ್ಯಾಕ್ ಎನ್ನುತ್ತಾರೆ.

ಈ ವಾಹನದ ಹಿಂದೆ ಒಂದು ನೋವಿನ ಕಥೆಯಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ಟ್ ಎಂಬ ಊರಿನಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಮೆಕ್ಯಾನಿಕ್ ಆಗಿದ್ದವರು. ಆ ಊರಿನಲ್ಲಿ ಚಳಿಗಾಲ ಬಂತೆಂದರೆ ರಸ್ತೆಗಳು ಹಿಮದಲ್ಲಿ ಹೂತುಹೋಗುತ್ತಿದ್ದವು. 1934ರ ಚಳಿಗಾಲದಲ್ಲಿ ಅವರ ಪುಟ್ಟ ಮಗನಿಗೆ ಅಪೆಂಡಿಸೈಟಿಸ್ ಆಯಿತು. ಆಸ್ಪತ್ರೆಗೆ ಕರೆದೊಯ್ಯಲು ದಾರಿಯೇ ಇರಲಿಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ವಾಹನವೊಂದನ್ನು ಮಾಡಬೇಕೆಂದು ಹುಡುಗನಾಗಿದ್ದಾಗಿನಿಂದಲೂ ಪ್ರಯೋಗ ಮಾಡುತ್ತಿದ್ದ ಬೊಂಬಾರ್ಡಿಯೆ, 1937ರಲ್ಲಿ ತಮ್ಮ ಹಲ್ಲುಚಕ್ರ ಮತ್ತು ಟ್ರ್ಯಾಕ್ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಏಳು ಜನ ಕೂರಬಹುದಾದ ಅವರ ಬಿ7 ವಾಹನ ಮಾರುಕಟ್ಟೆಗೆ ಬಂತು. ಮುಂದೆ ಹಗುರವಾದ ಎಂಜಿನ್‌ಗಳು ಸಿಕ್ಕಿದಾಗ, 1959ರಲ್ಲಿ ಬೈಕಿನಂತೆ ಕೂತು ಓಡಿಸುವ ಚಿಕ್ಕ ಸ್ಕಿ-ಡೂ ತಯಾರಾಯಿತು. ಇಂದಿನ ಸ್ನೋಮೊಬೈಲ್‌ಗಳು ಅದರ ಸಂತತಿ.

ಭಾರವಾದ ಯಂತ್ರ ಹಿಮದಲ್ಲಿ ಏಕೆ ಮುಳುಗುವುದಿಲ್ಲ?

ಸ್ನೋಮೊಬೈಲ್‌ಗಳಲ್ಲಿ ಹಲವು ಬಗೆ ಇವೆ. ತುಳಿದು ಗಟ್ಟಿಯಾದ ಹಾದಿಯಲ್ಲಿ ಓಡುವುದು ಒಂದು ಬಗೆ. ಅಮೆರಿಕ ಮತ್ತು ಕೆನಡಾದ ರಾಕಿ ಪರ್ವತಗಳಂಥ ಕಡೆ ಸೊಂಟದವರೆಗೆ ಬಿದ್ದ ಪುಡಿಹಿಮದಲ್ಲಿ ಬೆಟ್ಟ ಹತ್ತುವುದು ಇನ್ನೊಂದು ಬಗೆ. ಈ ಎರಡನೆಯದೇ ಮೌಂಟನ್ ಸ್ನೋಮೊಬೈಲ್. ಇದರ ಟ್ರ್ಯಾಕ್ ಉದ್ದವಾಗಿರುತ್ತದೆ. 165 ಇಂಚಿನ ಟ್ರ್ಯಾಕ್ ಎಂದರೆ ಪೂರ್ತಿ ಸುತ್ತಳತೆ ಸುಮಾರು 4.2 ಮೀಟರ್. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಭಾಗ ಮಾತ್ರ ಒಂದು ಹೊತ್ತಿಗೆ ನೆಲಕ್ಕೆ ತಾಗಿರುತ್ತದೆ.

ಲೆಕ್ಕ ಮಾಡೋಣ. ಯಂತ್ರ 250 ಕೆಜಿ, ಸವಾರ 80 ಕೆಜಿ, ಬೆನ್ನ ಚೀಲ 10 ಕೆಜಿ, ಒಟ್ಟು 340 ಕೆಜಿ ಎಂದಿಟ್ಟುಕೊಳ್ಳಿ. ಬಲ ಸುಮಾರು 3330 ನ್ಯೂಟನ್. ನೆಲಕ್ಕೆ ತಾಗಿದ ಭಾಗ 1.85 ಮೀಟರ್ ಉದ್ದ, 0.38 ಮೀಟರ್ ಅಗಲ ಎಂದರೆ ವಿಸ್ತೀರ್ಣ ಸುಮಾರು 0.7 ಚದರ ಮೀಟರ್. ಇಡೀ ಭಾರವನ್ನು ಟ್ರ್ಯಾಕ್ ಒಂದೇ ಹೊತ್ತರೂ ಒತ್ತಡ ಸುಮಾರು 4760 ಪಾಸ್ಕಲ್. ಸ್ಕೀಗಳೂ ಪಾಲು ಹೊರುವುದರಿಂದ ನಿಜವಾದ ಒತ್ತಡ ಇನ್ನೂ ಕಡಿಮೆ. ಈಗ 70 ಕೆಜಿಯ ಒಬ್ಬ ಮನುಷ್ಯ ಎರಡೂ ಕಾಲಿನ ಮೇಲೆ ನಿಂತಿದ್ದಾನೆ ಎನ್ನಿ. ಎರಡು ಪಾದಗಳ ವಿಸ್ತೀರ್ಣ ಒಟ್ಟು 0.04 ಚದರ ಮೀಟರ್ ಎಂದುಕೊಂಡರೆ ಒತ್ತಡ 17,000 ಪಾಸ್ಕಲ್ ದಾಟುತ್ತದೆ. ಯಂತ್ರಕ್ಕಿಂತ ಮೂರೂವರೆ ಪಟ್ಟು ಹೆಚ್ಚು! ಸವಾರ ಇಳಿದು ನಿಂತರೆ ಸೊಂಟದವರೆಗೆ ಹೂತುಹೋಗುತ್ತಾನೆ, ಅವನನ್ನು ಹೊತ್ತು ತಂದ ಯಂತ್ರ ಮೇಲೆಯೇ ಇರುತ್ತದೆ.

ಹಾಗಿದ್ದರೂ ತೂಕದ ಚಿಂತೆ ತಪ್ಪುವುದಿಲ್ಲ. 30 ಡಿಗ್ರಿ ಇಳಿಜಾರಿನಲ್ಲಿ ಸೈನ್ ಬೆಲೆ ಅರ್ಧ. ಅಂದರೆ ತೂಕದ ಅರ್ಧದಷ್ಟು ಬಲ ಯಂತ್ರವನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಯಂತ್ರಕ್ಕೆ 10 ಕೆಜಿ ಸೇರಿದರೆ ಎಂಜಿನ್ 49 ನ್ಯೂಟನ್ ಹೆಚ್ಚಿಗೆ ತಳ್ಳಬೇಕು. ಸಮುದ್ರ ಮಟ್ಟದಿಂದ 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಭಾರ ಎಳೆಯಲು ಹೆಚ್ಚು ಶಕ್ತಿ ಬೇಕಾದ ಜಾಗದಲ್ಲೇ ಎಂಜಿನ್ ಸೋಲುತ್ತದೆ. ಯಂತ್ರ ಸಿಕ್ಕಿಕೊಂಡರೆ ಅದನ್ನು ಅಗೆದು ಎತ್ತಬೇಕಾದವನು ಸವಾರನೇ. ಆದ್ದರಿಂದ ಮೌಂಟನ್ ಸ್ನೋಮೊಬೈಲ್ ತಯಾರಿಸುವವರು ಒಂದೊಂದು ಕೆಜಿ ಇಳಿಸಲೂ ಪೈಪೋಟಿ ನಡೆಸುತ್ತಾರೆ.

ಒಣ ತೂಕ, ಹಸಿ ತೂಕ

ಜಾಹೀರಾತಿನ ಹಾಳೆಯಲ್ಲಿ 200 ಕೆಜಿ ಎಂದು ಬರೆದಿದೆ ಎಂದುಕೊಳ್ಳಿ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸಾಮಾನ್ಯವಾಗಿ ಅಲ್ಲಿ ಕೊಡುವುದು ಒಣ ತೂಕ, ಅಂದರೆ ಪೆಟ್ರೋಲ್ ಮತ್ತಿತರ ದ್ರವಗಳನ್ನು ಬಿಟ್ಟ ತೂಕ. 40 ಲೀಟರ್ ಪೆಟ್ರೋಲ್ ತುಂಬಿಸಿ. ಒಂದು ಲೀಟರ್ ಪೆಟ್ರೋಲ್ ಸುಮಾರು 0.74 ಕೆಜಿ ತೂಗುತ್ತದೆ, ಅಂದರೆ ಹತ್ತಿರ ಹತ್ತಿರ 30 ಕೆಜಿ ಸೇರಿತು. ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಸೇರಿ ಇನ್ನೊಂದು 8 ಕೆಜಿ. ದಿನವಿಡೀ ಓಡಿಸಿದ ಮೇಲೆ ಟ್ರ್ಯಾಕ್‌ನ ಒಳಗೆ, ಸೀಟಿನ ಕೆಳಗೆ, ಕಾಲಿಡುವ ಹಲಗೆಯ ಮೇಲೆ ಹಿಮ ಗಟ್ಟಿಯಾಗಿ ಕೂತಿರುತ್ತದೆ. ಮಂಜುಗಡ್ಡೆಯ ಸಾಂದ್ರತೆ ಲೀಟರಿಗೆ 0.917 ಕೆಜಿ. ಒಂದು ಬಕೆಟ್‌ನಷ್ಟು, ಅಂದರೆ 13 ಲೀಟರ್ ಗಡ್ಡೆ ಅಂಟಿಕೊಂಡಿದ್ದರೆ 12 ಕೆಜಿ. ಒಟ್ಟು ಕೂಡಿ ನೋಡಿ: 200ರ ಯಂತ್ರ 250 ಆಯಿತು. ಸವಾರ ಬೆಟ್ಟದಲ್ಲಿ ಅಗೆದು ಎತ್ತಬೇಕಾದದ್ದು ಈ 250ನ್ನು, ಹಾಳೆಯಲ್ಲಿರುವ 200ನ್ನಲ್ಲ.

ಹಾಗಾಗಿ ಕಾಳಜಿಯುಳ್ಳ ಸವಾರರು ತಾವೇ ತೂಗುತ್ತಾರೆ. ಇದಕ್ಕೆ ಎರಡು ದಾರಿ. ಮೊದಲನೆಯದು, ಗಟ್ಟಿಯಾದ ತೊಲೆಗೆ ನೇತುಹಾಕಿದ ತಕ್ಕಡಿಯಿಂದ ಇಡೀ ಯಂತ್ರವನ್ನು ಬೆಲ್ಟ್ ಕಟ್ಟಿ ಎತ್ತುವುದು. ಎರಡನೆಯದು, ಪ್ರತಿ ಸ್ಕೀ ಅಡಿಗೆ ಒಂದು, ಟ್ರ್ಯಾಕ್ ಅಡಿಗೆ ಒಂದು ಹೀಗೆ ಮೂರು ತೂಕದ ಯಂತ್ರಗಳನ್ನು ಇಟ್ಟು ಮೂರೂ ಅಂಕಿಗಳನ್ನು ಕೂಡುವುದು.

ಎರಡನೆಯ ದಾರಿಯಲ್ಲಿ ಒಂದು ಲಾಭವಿದೆ. ಮುಂದೆ ಎಷ್ಟು ಭಾರ, ಹಿಂದೆ ಎಷ್ಟು ಭಾರ ಎಂಬುದು ಗೊತ್ತಾಗುತ್ತದೆ. ಉದಾಹರಣೆಗೆ ಎಡ ಸ್ಕೀ 42, ಬಲ ಸ್ಕೀ 43, ಟ್ರ್ಯಾಕ್ 165, ಒಟ್ಟು 250. ಆದರೆ ಎಚ್ಚರ ತಪ್ಪಿದರೆ ಅಂಕಿ ಕೆಡುತ್ತದೆ. ಒಂದೇ ತೂಕದ ಯಂತ್ರವಿದ್ದು, ಮೊದಲು ಮುಂಭಾಗವನ್ನು, ಆಮೇಲೆ ಹಿಂಭಾಗವನ್ನು ತೂಗುವಾಗ ಇನ್ನೊಂದು ತುದಿ ನೆಲದ ಮೇಲೇ ಇದ್ದರೆ ವಾಹನ ಓರೆಯಾಗುತ್ತದೆ. ಓರೆಯಾದಾಗ ಗುರುತ್ವ ಕೇಂದ್ರ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ, ಎರಡು ಅಂಕಿಗಳ ಮೊತ್ತ ನಿಜವಾದ ತೂಕಕ್ಕೆ ಸಮನಾಗುವುದಿಲ್ಲ. ಇನ್ನೊಂದು ತುದಿಯ ಅಡಿಗೂ ಅಷ್ಟೇ ದಪ್ಪದ ಹಲಗೆ ಇಡಬೇಕು. ಟ್ರ್ಯಾಕ್ ಉದ್ದವಾಗಿರುವುದರಿಂದ ತೂಕದ ಯಂತ್ರದ ಮೇಲೆ ಹಲಗೆ ಇಟ್ಟಿದ್ದರೆ ಆ ಹಲಗೆಯ ತೂಕವನ್ನು ಕಳೆಯಬೇಕು. ವೇ ಬ್ರಿಡ್ಜ್‌ನಲ್ಲಿ ಲೋಡ್ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕ ಕಳೆಯುವ ಹಾಗೆ. ಓದುವ ಮುನ್ನ ವಾಹನವನ್ನು ನಾಲ್ಕಾರು ಸಲ ಕುಲುಕಿ ಸ್ಪ್ರಿಂಗ್‌ಗಳು ತಮ್ಮ ಜಾಗಕ್ಕೆ ಕೂರಲು ಬಿಡಬೇಕು. ಮೊದಲೇ ತೂಕ ಗೊತ್ತಿರುವ ಒಂದು ವಸ್ತುವನ್ನಿಟ್ಟು ತೂಕದ ಯಂತ್ರವನ್ನೇ ಪರೀಕ್ಷಿಸಬೇಕು. ಕೊನೆಗೆ ಅಂಕಿಯ ಪಕ್ಕದಲ್ಲಿ ಬರೆಯಬೇಕು: ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಹಿಮ ಒರೆಸಿತ್ತೇ, ಚೀಲ ಇತ್ತೇ. ಇಷ್ಟು ಬರೆಯದ ತೂಕವನ್ನು ಇನ್ನೊಂದು ಯಂತ್ರದ ತೂಕದ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಟ್ರ್ಯಾಕ್ ಸವೆಯುವುದು ಹೇಗೆ?

ತೂಕ ಇಳಿಸುವ ಈ ಪೈಪೋಟಿಯ ಬೆಲೆಯನ್ನು ಕೊಡುವ ಭಾಗಗಳಲ್ಲಿ ಟ್ರ್ಯಾಕ್ ಮುಖ್ಯವಾದದ್ದು. ಟ್ರ್ಯಾಕ್ ಬರೀ ರಬ್ಬರ್ ಅಲ್ಲ. ಒಳಗೆ ನಾರಿನ ಬಟ್ಟೆಯ ಪದರ ಇರುತ್ತದೆ, ಅಡ್ಡಡ್ಡಲಾಗಿ ಫೈಬರ್ ಗ್ಲಾಸ್ ಕಡ್ಡಿಗಳು ಇರುತ್ತವೆ. ಹೊರಮೈಯಲ್ಲಿ ಹಿಮವನ್ನು ಅಗೆದು ತಳ್ಳುವ ದೊಡ್ಡ ಹಲ್ಲುಗಳು, ಒಳಮೈಯಲ್ಲಿ ಎಂಜಿನ್‌ನ ಹಲ್ಲುಚಕ್ರ ಹಿಡಿದು ತಿರುಗಿಸುವ ಚಿಕ್ಕ ಹಲ್ಲುಗಳು. ಒಳಬದಿಯಲ್ಲಿ ಲೋಹದ ಕ್ಲಿಪ್‌ಗಳಿದ್ದು ಅವು ಎರಡು ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಜಾರುತ್ತವೆ. ತೂಕ ಕಡಿಮೆ ಮಾಡಲು ಮೌಂಟನ್ ಟ್ರ್ಯಾಕ್‌ಗಳಲ್ಲಿ ಬಟ್ಟೆಯ ಪದರ ಕಡಿಮೆ, ರಬ್ಬರ್ ತೆಳು.

ಹಾದಿಯಲ್ಲಿ ಓಡುವ ಸ್ನೋಮೊಬೈಲ್‌ನ ಹಲ್ಲು ಸುಮಾರು 32 ಮಿಲಿಮೀಟರ್ ಎತ್ತರವಾದರೆ, ಮೌಂಟನ್ ಟ್ರ್ಯಾಕ್‌ನಲ್ಲಿ ಅದು 76 ಮಿಲಿಮೀಟರ್ ತನಕ ಇರುತ್ತದೆ. ಪುಡಿಹಿಮದಲ್ಲಿ ಎತ್ತರದ ಹಲ್ಲು ದೋಣಿಯ ಹುಟ್ಟಿನ ಹಾಗೆ ಕೆಲಸ ಮಾಡುತ್ತದೆ. ಅದೇ ಹಲ್ಲು ಗಟ್ಟಿ ನೆಲಕ್ಕೆ ಬಂದರೆ ಕಥೆ ಬೇರೆ. ತುದಿಗೆ ಬಿದ್ದ ಬಲವನ್ನು ಎತ್ತರದಿಂದ ಗುಣಿಸಿದರೆ ಬುಡಕ್ಕೆ ಬೀಳುವ ಟಾರ್ಕ್. ಎತ್ತರ ಎರಡು ಪಟ್ಟಿಗೂ ಹೆಚ್ಚಾದರೆ ಟಾರ್ಕ್ ಕೂಡ ಎರಡು ಪಟ್ಟಿಗೂ ಹೆಚ್ಚು. ಹಲ್ಲು ಪ್ರತಿ ಸುತ್ತಿನಲ್ಲೂ ಬಗ್ಗಿ ಏಳುತ್ತದೆ, ರಬ್ಬರ್ ಬಿಸಿಯಾಗುತ್ತದೆ, ಕೊನೆಗೆ ಬುಡದಲ್ಲಿ ಸೀಳುತ್ತದೆ. ಗಾಡಿ ನಿಲ್ಲಿಸುವ ಜಾಗದ ಡಾಂಬರು, ಜಲ್ಲಿ, ಹಿಮ ಕರಗಿ ಎದ್ದ ಕಲ್ಲು ಇವು ಹಲ್ಲಿನ ಚೂಪಾದ ಅಂಚನ್ನು ತಿಂದು ದುಂಡಗೆ ಮಾಡುತ್ತವೆ.

ಹಿಮ ಇಲ್ಲಿ ಎಣ್ಣೆಯ ಕೆಲಸವನ್ನೂ ಮಾಡುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಟ್ರ್ಯಾಕ್ ಎರಚುವ ಹಿಮ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಬಿದ್ದು ಕರಗಿ ಅವುಗಳನ್ನು ತಂಪಾಗಿಯೂ ಜಾರುವಂತೆಯೂ ಇಡುತ್ತದೆ. ಗಟ್ಟಿ ಮಂಜುಗಡ್ಡೆಯ ಮೇಲೆ ಅಥವಾ ಬರಿನೆಲದ ಮೇಲೆ ಹಿಮ ಮೇಲೇಳುವುದಿಲ್ಲ. ಘರ್ಷಣೆಯ ಶಾಖಕ್ಕೆ ಪಟ್ಟಿ ಮೆತ್ತಗಾಗಿ ಕರಗಿ ಬೇಗ ತೆಳುವಾಗುತ್ತದೆ. ಅದಕ್ಕಾಗಿ ಹಲವರು ನೆಲವನ್ನು ಕೆರೆದು ಮಂಜಿನ ಪುಡಿ ಎಬ್ಬಿಸುವ ಸಣ್ಣ ಸ್ಪ್ರಿಂಗ್ ಕಡ್ಡಿಗಳನ್ನು ಅಳವಡಿಸಿಕೊಳ್ಳುತ್ತಾರೆ.

ಇನ್ನೊಂದು ಕಾರಣ ಬಿಗಿ. ಟ್ರ್ಯಾಕ್ ಸಡಿಲವಾಗಿದ್ದರೆ ಹಲ್ಲುಚಕ್ರ ಒಳಹಲ್ಲುಗಳನ್ನು ಹಾರಿ ಹಾರಿ ತಿರುಗುತ್ತದೆ, ಒಳಹಲ್ಲು ಕಿತ್ತುಬರುತ್ತದೆ. ಅತಿ ಬಿಗಿಯಾಗಿದ್ದರೆ ಪಟ್ಟಿಗಳೂ ಬೇರಿಂಗ್‌ಗಳೂ ಸವೆಯುತ್ತವೆ, ಎಂಜಿನ್‌ನ ಶಕ್ತಿ ಪೋಲಾಗುತ್ತದೆ. ಸೈಕಲ್ ಚೈನಿನ ಹಾಗೆಯೇ. ಬಿಗಿ ಸರಿಯಿದೆಯೇ ಎಂದು ನೋಡಲು ಟ್ರ್ಯಾಕ್‌ನ ಮಧ್ಯಕ್ಕೆ ಇಷ್ಟು ಕೆಜಿ ತೂಗುಹಾಕಿದರೆ ಇಷ್ಟು ಮಿಲಿಮೀಟರ್ ಜೋಲಬೇಕು ಎಂದು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ.

ತೂಕ ಇಳಿದಿದ್ದು ಒಳ್ಳೆಯದೇ?

ಈಗ ಈ ಲೇಖನದ ಮುಖ್ಯ ಲೆಕ್ಕಕ್ಕೆ ಬರೋಣ. ಹಲ್ಲು 76ರಿಂದ 66 ಮಿಲಿಮೀಟರಿಗೆ ಸವೆದಿದೆ ಎಂದುಕೊಳ್ಳಿ. ಹಲ್ಲುಗಳ ನಡುವಿನ ಅಂತರ 3 ಇಂಚು ಇದ್ದರೆ 165 ಇಂಚಿನ ಟ್ರ್ಯಾಕ್‌ನಲ್ಲಿ 55 ಸಾಲುಗಳು. ಒಂದು ಸಾಲಿನಲ್ಲಿ ಹಲ್ಲುಗಳ ಒಟ್ಟು ಅಗಲ 19 ಸೆಂ.ಮೀ., ದಪ್ಪ 0.8 ಸೆಂ.ಮೀ. ಎಂದು ಇಟ್ಟುಕೊಂಡರೆ, ಒಂದು ಸೆಂ.ಮೀ. ಸವೆತಕ್ಕೆ ಒಂದು ಸಾಲಿನಿಂದ ಸುಮಾರು 15 ಘನ ಸೆಂ.ಮೀ. ರಬ್ಬರ್ ಹೋಯಿತು. 55 ಸಾಲುಗಳಿಂದ 836 ಘನ ಸೆಂ.ಮೀ. ರಬ್ಬರಿನ ಸಾಂದ್ರತೆ 1.1 ಎಂದರೆ 0.9 ಕೆಜಿಯಷ್ಟು.

250 ಕೆಜಿಯ ಯಂತ್ರದಲ್ಲಿ 0.9 ಕೆಜಿ ಎಂದರೆ ಶೇಕಡಾ 0.4ಕ್ಕಿಂತ ಕಡಿಮೆ. ಒಂದೂಕಾಲು ಲೀಟರ್ ಪೆಟ್ರೋಲಿನ ತೂಕ. ಸ್ವಲ್ಪ ಹಿಮ ಅಂಟಿದ್ದರೆ ಈ ವ್ಯತ್ಯಾಸ ತೂಕದ ಯಂತ್ರಕ್ಕೆ ಕಾಣುವುದೇ ಇಲ್ಲ. ಕಂಡರೂ 'ಯಂತ್ರ ಹಗುರವಾಯಿತು' ಎಂಬ ಒಳ್ಳೆಯ ಸುದ್ದಿಯಾಗಿಯೇ ಕಾಣುತ್ತದೆ! ಆದರೆ ಹಲ್ಲಿನ ಎತ್ತರದಲ್ಲಿ ಹೋದದ್ದು ಶೇಕಡಾ 13. ಹಿಮವನ್ನು ಹಿಡಿಯುವ ಶಕ್ತಿ ಹೋದದ್ದು ಅಲ್ಲಿ. ಮುರಿದ ಫೈಬರ್ ಕಡ್ಡಿಗಂತೂ ತೂಕದಲ್ಲಿ ಯಾವ ಗುರುತೂ ಇರುವುದಿಲ್ಲ, ಕಡ್ಡಿಯ ಎರಡು ತುಂಡೂ ರಬ್ಬರಿನ ಒಳಗೇ ಇರುತ್ತವೆ.

ಆದ್ದರಿಂದ ಟ್ರ್ಯಾಕ್‌ಗೆ ಬೇಕಾದದ್ದು ತಕ್ಕಡಿಯಲ್ಲ. ಬೇಕಾದದ್ದು ಸ್ಕೇಲು, ಕಣ್ಣು, ಕೈ. ಹಿಂಭಾಗವನ್ನು ಎತ್ತಿ, ಎಂಜಿನ್ ಆಫ್ ಮಾಡಿ, ಟ್ರ್ಯಾಕ್ ಅನ್ನು ಕೈಯಿಂದ ನಿಧಾನ ತಿರುಗಿಸಬೇಕು. ಐದಾರು ಕಡೆ, ಮಧ್ಯದಲ್ಲೂ ಅಂಚಿನಲ್ಲೂ, ಹಲ್ಲಿನ ಎತ್ತರ ಅಳೆದು ಸರಾಸರಿ ತೆಗೆಯಬೇಕು. ಬುಡದಲ್ಲಿ ಸೀಳು, ಬಿದ್ದುಹೋದ ಕ್ಲಿಪ್, ಒತ್ತಿದಾಗ ಮೆತ್ತಗೆ ಮಡಚುವ ಸಾಲು (ಒಳಗಿನ ಕಡ್ಡಿ ಮುರಿದಿದೆ ಎಂಬ ಸೂಚನೆ), ಒಂದೇ ಬದಿಯ ಅಂಚು ನಾರು ನಾರಾಗಿರುವುದು (ಟ್ರ್ಯಾಕ್ ಓರೆಯಾಗಿ ಓಡುತ್ತಿದೆ ಎಂಬ ಸೂಚನೆ), ಇವನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಇದು ಹತ್ತು ನಿಮಿಷದ ಕೆಲಸ. ಅದನ್ನು ಮಾಡದೆ ಹೋದವನ ಟ್ರ್ಯಾಕ್ ಸಂಜೆ ಹೊತ್ತಿಗೆ ರಸ್ತೆಯಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಹರಿದರೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಸೊಂಟದ ಹಿಮದಲ್ಲಿ ನಡೆದೇ ಬರಬೇಕು. ದಾರಿ ಇಲ್ಲದ ಕಡೆ ಮನುಷ್ಯನನ್ನು ತಲುಪಿಸಲೆಂದು ಹುಟ್ಟಿದ ವಾಹನ ಅವನನ್ನು ದಾರಿ ಇಲ್ಲದ ಕಡೆಯೇ ಬಿಟ್ಟಂತಾಗುತ್ತದೆ.

ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಅಂಕಿಯನ್ನು ಬರೆದು, ಯಾವ ಸ್ಥಿತಿಯಲ್ಲಿ ಅಳೆದೆವು ಎಂಬುದನ್ನು ಬರೆಯದಿದ್ದರೆ ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಏಕೆಂದು ಈಗ ಗೊತ್ತಾಗಿರಬೇಕು. ಒಂದು ಅಳತೆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಎಷ್ಟು ಭಾರ ಎಂದು ಕೇಳಿದರೆ ತಕ್ಕಡಿ ಹೇಳುತ್ತದೆ, ನಂಬಿ ಹೋಗಬಹುದೇ ಎಂದು ಕೇಳಿದರೆ ಹೇಳುವುದಿಲ್ಲ.

ಇದನ್ನು ಪರೀಕ್ಷಿಸಲು ಹಿಮ ಬೇಕಿಲ್ಲ. ವರ್ನಿಯರ್ ಕ್ಯಾಲಿಪರ್ಸ್‌ನ ಹಿಂಬದಿಯಲ್ಲಿ ಆಳ ಅಳೆಯುವ ತೆಳುವಾದ ಪಟ್ಟಿ ಇರುತ್ತದೆ. ಮನೆಯ ಬೈಕಿನ ಹಿಂದಿನ ಟೈರಿನ ಗಾಡಿಯ ಆಳವನ್ನು ಐದು ಕಡೆ ಅಳೆದು ಸರಾಸರಿ ತೆಗೆಯಿರಿ. ಟೈರಿನ ಗಾಡಿಗಳ ಒಳಗೆ ತಯಾರಕರು ಇಟ್ಟಿರುವ ಸವೆತದ ಗುರುತಿನ ಉಬ್ಬುಗಳೂ ಕಾಣುತ್ತವೆ. ಟೈರ್ ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಮಳೆಗಾಲ ಬರುವ ಮುಂಚೆ ಮನೆಯಲ್ಲಿ ಹೇಳಿ. ಬೈಕಿನ ತೂಕ ಎಷ್ಟೆಂದು ಗೊತ್ತಿರುವುದಕ್ಕಿಂತ ಇದು ಗೊತ್ತಿರುವುದು ಮುಖ್ಯ.