‘ನಾಟಕ ಆಡಬೇಡ!’

‘ನಾಟಕ ಆಡಬೇಡ, ಏಳು!’

ಕಳೆದ ತಿಂಗಳ ಒಂದು ಸೋಮವಾರ, ಹೊಟ್ಟೆನೋವೆಂದು ಹಾಸಿಗೆ ಬಿಟ್ಟೇಳದ ನಮ್ಮ ಎಂಟು ವರ್ಷದ ಮಗನಿಗೆ ನಾನು ಹೇಳಿದ ಮಾತಿದು. ಅಂದು ಅವನಿಗೆ ಗಣಿತದ ಪರೀಕ್ಷೆ. ಮಧ್ಯಾಹ್ನ ಶಾಲೆಯಿಂದ ಕರೆತಂದಾಗ ಮೈ ಕೆಂಡದಂತೆ ಸುಡುತ್ತಿತ್ತು. ಹಣೆಗೆ ಒದ್ದೆಬಟ್ಟೆ ಹಾಕುತ್ತ ಕುಳಿತ ನನ್ನನ್ನು, ಮೇಷ್ಟರ ದುರಭ್ಯಾಸವೋ ಏನೋ, ಆ ಮಾತೇ ಕಾಡತೊಡಗಿತು.

ನಾಟಕವಾಡುವುದೆಂದರೇನು? ರಂಗದ ಮೇಲೆ ಆಡಿದರೆ ಕಲೆ. ಮನೆಯಲ್ಲಿ ಆಡಿದರೆ ಕಪಟ. ‘ನಟಿಸು’ ಎಂಬ ಕ್ರಿಯಾಪದಕ್ಕೂ ಇದೇ ಗತಿ. ‘ಚೆನ್ನಾಗಿ ನಟಿಸಿದರು’ ಎಂದರೆ ಹೊಗಳಿಕೆ. ‘ಒಳ್ಳೆಯವನಂತೆ ನಟಿಸಿದ’ ಎಂದರೆ ತೆಗಳಿಕೆ. ಬಣ್ಣ ಹಚ್ಚುವುದು ನಟನ ಕಸುಬು. ಬಣ್ಣ ಕಟ್ಟಿ ಹೇಳುವುದು ಚಾಡಿಕೋರನ ಕಸುಬು. ‘ಅಭಿನಯಿಸು’ ಎಂಬುದೊಂದೇ ಬಹುಮಟ್ಟಿಗೆ ಮರ್ಯಾದೆ ಉಳಿಸಿಕೊಂಡಿದೆ.

ಆ ಪದದ ಹುಟ್ಟನ್ನು ನೋಡಿರಿ. ‘ಅಭಿ’ ಎಂದರೆ ಕಡೆಗೆ. ‘ನೀ’ ಧಾತುವಿಗೆ ಒಯ್ಯು ಎಂದರ್ಥ. ಕೃತಿಯ ಅರ್ಥವನ್ನು ಪ್ರೇಕ್ಷಕನ ಕಡೆಗೆ ಒಯ್ಯುವುದೇ ಅಭಿನಯವೆಂದು ಭರತನ ನಾಟ್ಯಶಾಸ್ತ್ರ ವಿವರಿಸುತ್ತದೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂಬ ನಾಲ್ಕು ಬಗೆಗಳಲ್ಲಿ ಕೊನೆಯದಕ್ಕೆ ಕಂಬನಿ, ರೋಮಾಂಚ, ನಡುಕಗಳು ಸೇರುತ್ತವೆ. ಮನಸ್ಸು ಏಕಾಗ್ರವಾಗದೆ ಅವು ಮೂಡಲಾರವೆಂಬುದು ಶಾಸ್ತ್ರದ ಮತ. ಅಲ್ಲಿ ಸುಳ್ಳಿಗೆ ಎಡೆಯೆಲ್ಲಿ?

‘ನಾಟಕೀಯಗೊಳಿಸು’ ಎಂಬ ಹೊಸ ಮಾತಿಗೂ ಉಬ್ಬಿಸಿ ತೋರಿಸು ಎಂಬ ಅಪವಾದವೇ ಅಂಟಿಕೊಂಡಿದೆ. ಆದರೆ ಕಾವ್ಯವೊಂದನ್ನು ನಾಟಕವಾಗಿ ರೂಪಿಸುವುದೂ ನಾಟಕೀಯಗೊಳಿಸುವುದೇ ಅಲ್ಲವೆ? ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ವನ್ನು ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ಅಳವಡಿಸಿದರು. ದುರ್ಯೋಧನನ ಸಂಕಟವನ್ನು ಅವರು ಉಬ್ಬಿಸಬೇಕಾಗಿರಲಿಲ್ಲ. ಓದುವವರ ಕೈಯಲ್ಲಿದ್ದುದನ್ನು ನೋಡುವವರ ಕಣ್ಣೆದುರಿಗೆ ತಂದರೆ ಸಾಕಾಗಿತ್ತು.

ನಮ್ಮ ಮಗುವೂ ಅಂದು ಮಾಡಿದ್ದು ಅದನ್ನೇ. ಮಾತಿಗೆ ಸಿಕ್ಕದ ನೋವನ್ನು ಬಾಡಿದ ಮುಖದಿಂದ, ಮುದುಡಿದ ಮೈಯಿಂದ ನನಗೆ ಮುಟ್ಟಿಸಲು ಹೆಣಗಿತ್ತು. ಅಭಿನಯದಲ್ಲಿ ಕೊರತೆಯಿರಲಿಲ್ಲ, ಪ್ರೇಕ್ಷಕನು ಅರಸಿಕನಾಗಿದ್ದ.

ಮೂರು ದಿನಕ್ಕೆ ಜ್ವರ ಇಳಿಯಿತು. ಮರುವಾರ, ತಪ್ಪಿದ ಪರೀಕ್ಷೆಯನ್ನು ಬರೆಯಬೇಕಾದ ದಿನ ಬೆಳಿಗ್ಗೆ ಅವನು ಮತ್ತೆ ಮುಸುಕೆಳೆದುಕೊಂಡು, ‘ಅಪ್ಪಾ, ಹೊಟ್ಟೆನೋವು’ ಎಂದ. ನಾನು ಮಾತಾಡದೆ ಬಳಿ ಕುಳಿತು ಹಣೆ ಮುಟ್ಟಿದೆ. ಹೊಟ್ಟೆ ಒತ್ತಿ ನೋಡಿದೆ. ಹಣೆ ತಣ್ಣಗಿತ್ತು. ಮುಸುಕಿನೊಳಗಿಂದ ಕಿಸಕ್ಕೆಂದು ನಗೆ ಕೇಳಿಸಿತು.

‘ಏಳಪ್ಪ, ಹೊತ್ತಾಯಿತು’ ಎಂದೆ. ನಾಟಕದ ಮಾತನ್ನು ಮಾತ್ರ ಎತ್ತಲಿಲ್ಲ.