ಖಣ ಒಲ್ಲೆ ಎಂದಾಗ ಕತ್ತರಿ ಏನು ಮಾಡಬೇಕು?

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಮನೆಗಳಲ್ಲಿ ಖಣವಿಲ್ಲದ ಟ್ರಂಕು ಸಿಗುವುದು ಅಪರೂಪ. ಉಡಿ ತುಂಬಿದಾಗ ಬಂದದ್ದು, ಕುಬಸದ ಕಾರ್ಯದಲ್ಲಿ ಕೊಟ್ಟದ್ದು, ತವರಿನವರು ತಂದದ್ದು ಎಂದು ಒಂದೊಂದು ಖಣಕ್ಕೂ ಒಂದೊಂದು ನೆನಪು. ಕಾಲೇಜಿನಲ್ಲಿ ಸಾಂಪ್ರದಾಯಿಕ ಉಡುಗೆಯ ದಿನ ಬಂತೆಂದರೆ ಈ ಟ್ರಂಕಿನ ಬಾಗಿಲು ತೆರೆಯುತ್ತದೆ. ಮೊಬೈಲಿನಲ್ಲಿ ಕಂಡ ಉದ್ದನೆಯ ಕುರ್ತಾ ತನಗೂ ಬೇಕೆಂದು ಮಗಳ ಹಟ. ಹೊಲಿಗೆ ಕ್ಲಾಸಿಗೆ ಹೋಗುತ್ತಿರುವುದರಿಂದ ತಾನೇ ಹೊಲಿಯುತ್ತೇನೆಂಬ ಹುಮ್ಮಸ್ಸು ಬೇರೆ. ಆದರೆ ಅಜ್ಜಿಯ ಕಾಲದ ಖಣ ಇರುವುದು ಒಂದೇ. ಒಮ್ಮೆ ಕತ್ತರಿ ಆಡಿತೆಂದರೆ ಮುಗಿಯಿತು. ಬಟ್ಟೆ ಹೊಂದುವುದಿಲ್ಲ ಎಂದು ತಿಳಿಯಬೇಕಾದದ್ದು ಅದಕ್ಕೆ ಮೊದಲೇ.

ಬಟ್ಟೆ ರೂಪಿಸಿದ ಉಡುಪು

ಇದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಖಣಕ್ಕೆ ಹೆಸರಾದ ಊರು. ರೇಷ್ಮೆ, ಹತ್ತಿ ಎರಡೂ ಸೇರಿದ ಈ ಬಟ್ಟೆ ನೇಯ್ದದ್ದೇ ಕುಪ್ಪಸಕ್ಕಾಗಿ. ಮೈತುಂಬ ಹೂವಿನ ಚಿತ್ತಾರ, ಎರಡೂ ಬದಿಗೆ ಅಂಚು, ಅಗಲ ಮಾತ್ರ ಕಡಿಮೆ. ಹಳೆಯ ಕುಪ್ಪಸ ಹೊಲಿಯುವವರು ಈ ಅಂಚನ್ನು ತೋಳಿನ ತುದಿಗೂ ಬೆನ್ನಿನ ಕೆಳಗೂ ಬರುವಂತೆ ಜೋಡಿಸಿ, ಮುಂದೆ ಗಂಟು ಕಟ್ಟಲು ತುದಿ ಬಿಟ್ಟರು. ಬಟ್ಟೆಯ ಅಳತೆಗೆ ಉಡುಪು ಹೊಂದಿಕೊಂಡಿತೇ ಹೊರತು ಉಡುಪಿನ ಹಟಕ್ಕೆ ಬಟ್ಟೆ ಹರಿಯಲಿಲ್ಲ. ಜಪಾನಿನ ಕಿಮೊನೊ ಕೂಡ ಹೀಗೆಯೇ. ಅದರ ಬಟ್ಟೆಯ ಅಗಲ ಸುಮಾರು 14 ಇಂಚು ಮಾತ್ರ. ಅಲ್ಲಿಯವರು ನೇರ ಪಟ್ಟಿಗಳನ್ನೇ ಜೋಡಿಸಿ ಇಡೀ ನಿಲುವಂಗಿ ಮಾಡಿದರು.

ಲೆಕ್ಕ ತಪ್ಪುವುದು ಎಲ್ಲಿ?

ಪೇಟೆಯ ಕುರ್ತಾ ಬಟ್ಟೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 44 ಇಂಚು. ಕೆಳಭಾಗದಲ್ಲಿ 22 ಇಂಚು ಅಗಲವಿರುವ ಮುಂಭಾಗ, ಹಿಂಭಾಗಗಳು ಅಕ್ಕಪಕ್ಕ ಕೂರುತ್ತವೆ. 40 ಇಂಚು ಉದ್ದದ ಕುರ್ತಾಕ್ಕೆ ತೋಳೂ ಸೇರಿ ಸುಮಾರು 2 ಮೀಟರ್ ಸಾಕು. ಅದೇ ಬಟ್ಟೆಯ ಪನ್ನ 30 ಇಂಚಿನ ಆಸುಪಾಸು ಇದ್ದರೆ ಎರಡು ಭಾಗಗಳನ್ನು ಒಂದರ ಕೆಳಗೊಂದು ಇಡಬೇಕು. ಆಗ ಅವೆರಡಕ್ಕೇ 80 ಇಂಚು ಬೇಕು, ತೋಳಿನದು ಬೇರೆ. ಕುಪ್ಪಸಕ್ಕೆಂದು ಬಂದ ಒಂದು ಖಣದಲ್ಲಿ ಇಷ್ಟು ಬಟ್ಟೆ ಎಲ್ಲಿಂದ ಬರಬೇಕು?

ಅಳತೆ ಸಾಕಾದರೂ ಇನ್ನೊಂದು ತೊಡಕುಂಟು. ಚಿತ್ರದ ಕುರ್ತಾ ಮೈಮೇಲೆ ಇಳಿಬೀಳುವ ಮೆತ್ತನೆ ಬಟ್ಟೆಯದು. ಖಣ ಗಡುಸು, ಬಿಗಿಯಾಗಿ ನಿಲ್ಲುತ್ತದೆ. ಆ ಗುಣ ಕುಪ್ಪಸಕ್ಕೆ ಚೆಂದ, ಇಳಿಬೀಳುವ ನೆರಿಗೆಗೆ ಅಲ್ಲ.

ಕತ್ತರಿ ಹಿಡಿಯುವ ಮುನ್ನ

ಬಟ್ಟೆಯ ಸ್ವಭಾವ ತಿಳಿಯಲು ಹೆಚ್ಚು ಹೊತ್ತು ಬೇಡ. ಒಂದು ಮೂಲೆಯಿಂದ ಎತ್ತಿ ಹಿಡಿದು ಹೇಗೆ ಇಳಿಬೀಳುತ್ತದೆ ನೋಡಬೇಕು. ಮೂಲೆಯನ್ನು ಒದ್ದೆ ಮಾಡಿ ಬಿಳಿ ಅರಿವೆಯಿಂದ ಒತ್ತಿದರೆ ಬಣ್ಣ ಬಿಡುತ್ತದೆಯೇ ಎಂಬುದು ಗೊತ್ತಾಗುತ್ತದೆ. ಹತ್ತಿ ಬಟ್ಟೆಯಾದರೆ 10 ಇಂಚಿಗೆ ಗುರುತು ಹಾಕಿ, ತೊಳೆದು ಒಣಗಿಸಿ, ಮತ್ತೆ ಅಳೆಯಬೇಕು. ಅಲ್ಲಿ ಕಾಲು ಇಂಚು ಕುಗ್ಗಿದರೆ 40 ಇಂಚಿನ ಕುರ್ತಾದಲ್ಲಿ 1 ಇಂಚು ಹೋದಂತೆ. ಶಾಲೆಯ ಸಮವಸ್ತ್ರದ ಬಟ್ಟೆಗೂ ಈ ಮಾತು ಸಲ್ಲುತ್ತದೆ. ಖಣಕ್ಕೆ ಹಾಕುವ ಹತ್ತಿಯ ಅಸ್ತರವನ್ನೂ ಮೊದಲೇ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಅಸ್ತರ ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ.

ರೇಷ್ಮೆ ಬೆರೆತ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೂ ಸೂಜಿಯ ಗುರುತು ಉಳಿಯಬಹುದು. ಆದ್ದರಿಂದ ಹಳೆಯ ಧೋತರ ಇಲ್ಲವೇ ಹಾಸಿಗೆಯ ಚಾದರದಲ್ಲಿ ಮೊದಲು ಒಂದು ಮಾದರಿ ಕತ್ತರಿಸಿ, ಕೈಯಿಂದ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುವುದು ಜಾಣತನ.

ದಾರಿ ಬದಲಿಸಿದರೆ ಸೋಲಲ್ಲ

ಖಣ ಒಲ್ಲೆ ಎಂದರೆ ಕುರ್ತಾದ ಆಸೆ ಬಿಡಬೇಕೆಂದೇನಿಲ್ಲ. ಮೈಗೆ ಬೇರೆ ಹತ್ತಿ ಬಟ್ಟೆ, ಎದೆಯ ಯೋಕಿಗೂ ತೋಳಿನ ತುದಿಗೂ ಖಣ ಎಂದು ಯೋಜನೆ ಬದಲಿಸಿದರೆ ಅಂಚು ಎದ್ದು ಕಾಣುತ್ತದೆ, ಇಲ್ಲಿಯ ಬಿಸಿಲಿಗೂ ಹಿತ.

ಮಗ್ಗಗಳ ಊರು ರಬಕವಿ-ಬನಹಟ್ಟಿಯ ಹತ್ತಿ ಸೀರೆಯನ್ನು ಪರಕಾರ ಮಾಡುವಾಗಲೂ ಇಂಥ ತಿರುವು ಎದುರಾಗುತ್ತದೆ. ಹುಡುಗಿಯರು ಕೇಳುವುದು ಅಂಬ್ರೆಲಾ ಪರಕಾರ. ಅದರ ಕೆಳಗಿನ ಸುತ್ತು ಬಳೆಯಂತೆ ಬಾಗಿರುತ್ತದೆ, ಸೀರೆಯ ಅಂಚು ಗೆರೆ ಎಳೆದಂತೆ ನೇರ. ದುಂಡಗೆ ಕತ್ತರಿಸಿದರೆ ಸೀರೆಯ ಅಂದವಾದ ಅಂಚೇ ತುಂಡಾಗಿ ಹೋಗುತ್ತದೆ. ಅಂಚನ್ನು ಕೆಳಗಿಟ್ಟು ಸೊಂಟದಲ್ಲಿ ನೆರಿಗೆ ಹಿಡಿದರೆ ಒಂದು ಗೇಣು ಬಟ್ಟೆಯೂ ವ್ಯರ್ಥವಾಗದು.

ಕತ್ತರಿಸಿದ ಮೇಲೆ ತಿಳಿದರೆ?

ಆಗಲೂ ಉಪಾಯವುಂಟು. ಉದ್ದ ಸಾಲದ ಕುರ್ತಾ ಗಿಡ್ಡ ಅಂಗಿಯಾದೀತು. ಬಿಗಿಯಾದ ಪೋಲಕಕ್ಕೆ ಕಂಕುಳಲ್ಲಿ ಪಟ್ಟಿ ಸೇರಿಸಬಹುದು. ಅದೂ ಆಗದಿದ್ದರೆ ಖಣದ ತುಂಡಿನಲ್ಲಿ ಕೂಸಿಗೆ ಕುಲಾಯಿ, ಕುಂಚಿಗೆ ಹೊಲಿಯುವುದು ಈ ಭಾಗದ ಹಳೆಯ ರೂಢಿ. ಸೀರೆಯ ಚೂರುಗಳು ಹೇಗೂ ಕೌದಿ ಸೇರುತ್ತವೆ.

ಪಾಲಕರು ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮಗಳು ಅರ್ಧಕ್ಕೆ ನಿಂತು, “ಅವ್ವಾ, ಇದು ಕುರ್ತಾ ಆಗಂಗಿಲ್ಲ, ಪೋಲಕ ಮಾಡ್ತೀನಿ” ಎಂದರೆ ಅದನ್ನು ಚಂಚಲತೆ ಎಂದು ಗದರಬಾರದು. ಬಟ್ಟೆಯನ್ನು ಮುಟ್ಟಿ ನೋಡಿ, ಅಳೆದು, ಲೆಕ್ಕ ಹಾಕಿ ಆ ಮಾತು ಹೇಳಿದ್ದಾಳೆಯೇ ಎಂದು ಕೇಳಿದರೆ ಸಾಕು. ಹೌದೆಂದರೆ ಅವಳಿಗೆ ಹೊಲಿಗೆ ಬರತೊಡಗಿದೆ ಎಂದೇ ಅರ್ಥ.