ಕಡತಗಳೊಳಗೆ ಪದಾನ್ವೇಷಣ

ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆತನವುಂಟು. ಆ ಮನೆಯ ಹಿರಿಯರೊಬ್ಬರು ಬಹುಕಾಲ ದಿನವಹಿಯನ್ನು ಬರೆದಿಟ್ಟು ಕಾಲವಾದರು. ಮೊಮ್ಮಕ್ಕಳು ಅದನ್ನು ಗಣಕಯಂತ್ರದಲ್ಲಿ ಬೆರಳಚ್ಚುಮಾಡಿ, ವರ್ಷಕ್ಕೊಂದರಂತೆ 38 ಕಡತಗಳನ್ನಾಗಿ ಇರಿಸಿದ್ದಾರೆ. ಕಳೆದ ಬೇಸಗೆಯಲ್ಲಿ ನೆರೆಮನೆಯವರು ಬಂದು, ತೋಟದ ಬಾವಿಯಿಂದ ಕುಡಿಯುವ ನೀರನ್ನು ಸೇದಿಕೊಳ್ಳುವುದಕ್ಕೆ ಅಜ್ಜನವರು ಮಾತು ಕೊಟ್ಟಿದ್ದರೆಂದು ಹೇಳಿದರು. ಮನೆಯವರಿಗೆ ಅದರ ನೆನಪಿರಲಿಲ್ಲ. ಬರಹದಲ್ಲಿದ್ದರೆ ನಡೆಯಿಸತಕ್ಕದ್ದೆಂದು ಉಭಯರೂ ಒಪ್ಪಿ, ಹುಡುಕುವ ಭಾರವನ್ನು ನಮ್ಮ ಮೇಲೆ ಹೊರಿಸಿದರು.

ಲಿನಕ್ಸ್, ಮ್ಯಾಕ್ ಮೊದಲಾದ ಯಂತ್ರಗಳಲ್ಲಿ ಟರ್ಮಿನಲ್ ಎಂಬುದೊಂದುಂಟು. ಅಲ್ಲಿ ಚಿತ್ರಗಳನ್ನು ಒತ್ತುವ ಕೆಲಸವಿಲ್ಲ. ಆಜ್ಞೆಯನ್ನು ಒಂದು ಪಂಕ್ತಿಯಲ್ಲಿ ಬರೆದರೆ ಯಂತ್ರವು ಉತ್ತರವೀಯುವುದು. ಅಂತಹ ಆಜ್ಞೆಗಳಲ್ಲೊಂದು 'ಗ್ರೆಪ್'. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಕೆನ್ ಥಾಂಪ್ಸನ್ನರು ರಚಿಸಿದ ಈ ಸಾಧನವು 1973ರಿಂದ ಬಳಕೆಯಲ್ಲಿದೆ. 'ಎಲ್ಲೆಡೆಯೂ ಈ ಮಾದರಿಯನ್ನರಸಿ ಅಚ್ಚುಹಾಕು' ಎಂಬರ್ಥದ ಹಿಂದಿನ ಆಜ್ಞೆಯೊಂದರ ಆದ್ಯಕ್ಷರಗಳೇ ಅದರ ಹೆಸರಾದುವು. ಗ್ರೆಪ್ ಎಂದು ಬರೆದು, ಅದರ ಮುಂದೆ ಬೇಕಾದ ಪದವನ್ನೂ ಬಳಿಕ ಕಡತದ ಹೆಸರನ್ನೂ ಕೊಟ್ಟರೆ, ಆ ಪದವಿರುವ ಸಾಲುಗಳು ಮಾತ್ರ ಕಣ್ಣ ಮುಂದೆ ಬರುತ್ತವೆ. ಅಡ್ಡಗೆರೆಯೊಡನೆ 'ಎನ್' ಅಕ್ಷರವನ್ನು ಸೇರಿಸಿದರೆ ಸಾಲಿನ ಸಂಖ್ಯೆಯೂ, 'ಆರ್' ಸೇರಿಸಿದರೆ ಒಳಗೊಳಗಿನ ಕಡತಕೋಶಗಳೆಲ್ಲದರ ಶೋಧನೆಯೂ ಆಗುವುದು.

ನಾವು 'ಬಾವಿ' ಎಂದು ಬರೆದು ಹುಡುಕಿದೆವು. ಒಂದು ಸಾಲೂ ಬರಲಿಲ್ಲ. 'ಇಲ್ಲ'ವೆಂದು ತೀರ್ಪು ಕೊಟ್ಟು ಏಳುವುದರಲ್ಲಿದ್ದೆವು. ಆದರೆ 38 ವರ್ಷ ತೋಟ ಮಾಡಿದವರು ಬಾವಿಯ ಹೆಸರನ್ನೇ ಎತ್ತಲಿಲ್ಲವೆಂದರೆ ನಂಬುವುದೆಂತು? ಒಂದು ಕಡತವನ್ನು ತೆರೆದು ಓದಿದಾಗ ನಮಗೆ ನಾಚಿಕೆಯಾಯಿತು. ಹಿರಿಯರು ಹಳೆಯ ರೂಢಿಯಂತೆ ಎಲ್ಲೆಡೆಯೂ 'ಭಾವಿ' ಎಂದು ಮಹಾಪ್ರಾಣವಿಟ್ಟು ಬರೆದಿದ್ದರು. ಯಂತ್ರಕ್ಕೆ ಅಕ್ಷರವು ಗೊತ್ತೇ ಹೊರತು ಅರ್ಥವು ಗೊತ್ತಿಲ್ಲ.

ಇಂತಹ ಎಡೆಯಲ್ಲಿಯೇ ಮಾದರಿಯ ಪ್ರಯೋಜನ. ಚೌಕ ಆವರಣದೊಳಗೆ ಕೆಲವು ಅಕ್ಷರಗಳನ್ನಿಟ್ಟರೆ, ಅವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕೆಂದು ಅರ್ಥ. ಪಾಣಿನಿಯು 'ಅಚ್' ಎಂದೊಡನೆ ಸ್ವರಗಳೆಲ್ಲವೂ ಗ್ರಹಿಸಲ್ಪಡುವುದನ್ನು ಬಲ್ಲವರಿಗೆ ಇದು ಹೊಸತಲ್ಲ. '[ಪಹ]ಳ್ಳಿ' ಎಂದರೆ ಹಳಗನ್ನಡದ ಪಳ್ಳಿಯೂ ಇಂದಿನ ಹಳ್ಳಿಯೂ ಒಟ್ಟಿಗೆ ಸಿಕ್ಕುವುವು. ಹಾಗೆಯೇ 'ಇ' ಎಂಬ ದೊಡ್ಡಕ್ಷರವನ್ನು ಅಡ್ಡಗೆರೆಯೊಡನೆ ಕೊಟ್ಟು, 'ಪ(ಂ|ಞ್)ಚನಹಳ್ಳಿ' ಎಂದು ಬರೆದರೆ, ಊರಿನ ಹೆಸರನ್ನು ಅನುಸ್ವಾರದಿಂದ ಬರೆದಿದ್ದರೂ ವರ್ಗಾನುನಾಸಿಕದಿಂದ ಬರೆದಿದ್ದರೂ ದೊರೆಯುವುದು. ನಾವು ಆವರಣದೊಳಗೆ ಬಕಾರ ಭಕಾರಗಳೆರಡನ್ನೂ ಇಟ್ಟು ಮತ್ತೆ ಹುಡುಕಿದೆವು. ಸಾಲುಗಳು ಧಾರಾಳವಾಗಿ ಬಂದುವು; ನೆರೆಯವರ ಮಾತು ಮಾತ್ರ ಬರಲಿಲ್ಲ.

ಒಮ್ಮೆ ಎಡವಿದ್ದ ನಾವು ಈ ಸಾರಿ ಅವಸರಪಡಲಿಲ್ಲ. 'ಸಿ' ಅಕ್ಷರವನ್ನು ಸೇರಿಸಿ, ಯಾವ ಕಡತದಲ್ಲಿ ಎಷ್ಟು ಸಾಲುಗಳೆಂದು ಎಣಿಸಿದೆವು. ನಾಲ್ಕು ಕಡತಗಳ ಎದುರಿಗೆ ಸೊನ್ನೆ ಕಂಡಿತು. ಅವುಗಳಲ್ಲಿ 'ಮಳೆ' ಎಂಬ ಪದವನ್ನರಸಿದರೂ ಸೊನ್ನೆಯೇ! ಮಳೆಯಿಲ್ಲದ ವರ್ಷವಿರಬಹುದು, ಮಳೆಯ ಮಾತಿಲ್ಲದ ದಿನವಹಿಯಿರದು. ವಿಚಾರಿಸಲಾಗಿ, ಆ ನಾಲ್ಕನ್ನು ಮೊದಲು ಹಳೆಯ ಅಕ್ಷರವಿನ್ಯಾಸವೊಂದರಲ್ಲಿ ಬೆರಳಚ್ಚುಮಾಡಿದ್ದರೆಂದು ತಿಳಿಯಿತು. ಅಂತಹ ಬರಹವು ತೆರೆಯ ಮೇಲೆ ಕನ್ನಡವಾಗಿ ತೋರಿದರೂ ಒಳಗೆ ಇಂಗ್ಲಿಷಿನ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳಾಗಿಯೇ ಇರುವುದು. ಯೂನಿಕೋಡ್ ಪದ್ಧತಿಯಲ್ಲಾದರೆ ಕನ್ನಡದ ಅಕ್ಷರಗಳಿಗೆ ಅವುಗಳವೇ ಆದ ಸಂಖ್ಯೆಗಳುಂಟು. ಪರಿವರ್ತಕ ತಂತ್ರಾಂಶದಿಂದ ನಾಲ್ಕನ್ನೂ ಯೂನಿಕೋಡಿಗೆ ತಂದು ಹುಡುಕಿದೆವು. ಮೂರನೆಯ ಕಡತದಲ್ಲಿ ಆ ಸಾಲು ದೊರೆಯಿತು: ನೆರೆಯವರು ಕುಡಿಯುವ ನೀರಿಗೆ ಬಂದರೆ ತಡೆಯಬಾರದೆಂದು ಹಿರಿಯರು ಸ್ಪಷ್ಟವಾಗಿ ಬರೆದಿದ್ದರು.

ಮನೆಯಲ್ಲಿ ಲೆಕ್ಕಪತ್ರ, ವಂಶಾವಳಿ, ಕಾಗದಗಳನ್ನು ಕಡತಗಳಾಗಿ ಇಟ್ಟುಕೊಂಡಿರುವ ವಾಚಕರು ಈ ಆಜ್ಞೆಯನ್ನು ಕಲಿತುಕೊಳ್ಳುವುದು ಮೇಲು. ಆದರೆ ಹುಡುಕುವ ಮುನ್ನ, ಇದ್ದೇ ಇರಬೇಕಾದ ಪದವೊಂದನ್ನು ಕೊಟ್ಟು ಯಂತ್ರವು ಕಡತವನ್ನು ಓದಬಲ್ಲುದೇ ಎಂದು ಪರೀಕ್ಷಿಸತಕ್ಕದ್ದು. ಪದದ ಹಳೆಯ ಹೊಸ ರೂಪಗಳೆಲ್ಲವನ್ನೂ ಎಣಿಸಿಕೊಳ್ಳತಕ್ಕದ್ದು. ಸಿಕ್ಕಲಿಲ್ಲವೆಂಬುದು ಬೇರೆ, ಇಲ್ಲವೆಂಬುದು ಬೇರೆ. ನಾವು ಮೊದಲ ಉತ್ತರವನ್ನೇ ನಂಬಿದ್ದರೆ ಒಂದು ಮನೆಯ ಕೊಡಗಳು ಬರಿದಾಗಿಯೇ ಹಿಂದಿರುಗುತ್ತಿದ್ದುವು.